ಲಕ್ಷದ ವಾಚು, ಲಾಭ ಯಾರಿಗೆ?

‘ಎಫ್‌ಡಿ, ಎಸ್‌ಐಪಿ ಎಲ್ಲ ಹಳೇ ಕಾಲದ್ದು ಮಗಾ. ಒಂದು ಸ್ವಿಸ್ ಕ್ರೊನೊಗ್ರಾಫ್ ತಗೋ. ಎರಡು ವರ್ಷ ಕೈಗೆ ಕಟ್ಟಿಕೋ. ಆಮೇಲೆ ಮಾರಿದರೆ ಡಬಲ್!’

ಹಾಸ್ಟೆಲ್ ಕೋಣೆಗಳಲ್ಲಿ, ಕೋಚಿಂಗ್ ಸೆಂಟರ್ ಎದುರಿನ ಟೀ ಅಂಗಡಿಗಳಲ್ಲಿ ಈಗೀಗ ಇಂಥ ಮಾತು ಕೇಳಿಬರುತ್ತಿದೆ. ಮೊಬೈಲ್ ತೆರೆದರೆ ಸಾಕು, ಮೂವತ್ತು ಸೆಕೆಂಡಿನ ರೀಲ್‌ನಲ್ಲಿ ಯಾರೋ ಒಬ್ಬರು ಮುಂಗೈ ತಿರುಗಿಸಿ ತೋರಿಸುತ್ತಾ, ಇದನ್ನು ಇಷ್ಟಕ್ಕೆ ಕೊಂಡೆ, ಇಷ್ಟಕ್ಕೆ ಮಾರಿದೆ ಎನ್ನುತ್ತಾರೆ. ಕೆಲಸ ಹುಡುಕುತ್ತಿರುವವರಿಗೆ ಇಂಥ ಮಾತು ಬೇಗ ನಾಟುತ್ತದೆ. ಸಂಬಳಕ್ಕೆ ಕಾಯುವುದಕ್ಕಿಂತ ವಾಚು ಕೊಂಡು ಮಾರುವುದೇ ಒಂದು ಉದ್ಯೋಗವಾಗಬಾರದೇಕೆ ಎಂಬ ಆಸೆ ಹುಟ್ಟುತ್ತದೆ.

ಈ ಬಗ್ಗೆ ಬರೆಯಲು ನನಗೆ ಒಂದು ಕಾರಣವಿದೆ. ನಮ್ಮ ತಂದೆಯದು ತುಮಕೂರಿನಲ್ಲಿ ಪುಟ್ಟ ವಾಚ್ ರಿಪೇರಿ ಅಂಗಡಿ. ಎಂ.ಕಾಂ. ಮುಗಿಸಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವ ನಾನು ಸಂಜೆ ಹೊತ್ತು ಅಲ್ಲೇ ಕೂರುತ್ತೇನೆ. ಸೆಲ್ ಹಾಕಿಸಲು, ಬೆಲ್ಟ್ ಬದಲಿಸಲು ಬರುವವರ ನಡುವೆ ಈಚೆಗೆ ಲಕ್ಷ ಬೆಲೆಯ ಸೆಕೆಂಡ್‌ಹ್ಯಾಂಡ್ ವಾಚು ಹಿಡಿದು ಬರುವ ಹುಡುಗರೂ ಇದ್ದಾರೆ. ಅವರ ಕಥೆ ಕೇಳಿದ ಮೇಲೆ, ಓದಿದ ಲೆಕ್ಕಶಾಸ್ತ್ರವನ್ನು ಇಲ್ಲೂ ಒಮ್ಮೆ ಹಚ್ಚಿ ನೋಡಬೇಕು ಅನ್ನಿಸಿತು.

ಮೊದಲು ಕ್ರೊನೊಗ್ರಾಫ್ ಎಂದರೇನು ಎಂದು ತಿಳಿಯೋಣ. ಗಂಟೆ ತೋರಿಸುವ ವಾಚಿನೊಳಗೇ ಒಂದು ಸ್ಟಾಪ್‌ವಾಚ್ ಇದ್ದರೆ ಅದು ಕ್ರೊನೊಗ್ರಾಫ್. ಬದಿಯಲ್ಲಿ ಕೀ ತಿರುಪಿನ ಮೇಲೊಂದು ಕೆಳಗೊಂದು ಗುಂಡಿ. ಡಯಲ್ ಮೇಲೆ ಎರಡು ಮೂರು ಪುಟ್ಟ ವೃತ್ತಗಳು. ಗುಂಡಿ ಒತ್ತಿದರೆ ಉದ್ದನೆಯ ಸೆಕೆಂಡ್ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಇನ್ನೊಂದು ಗುಂಡಿ ಒತ್ತಿದರೆ ಹನ್ನೆರಡಕ್ಕೆ ಮರಳುತ್ತದೆ. ಅಂಚಿನಲ್ಲಿ ಕೆತ್ತಿರುವ ಅಂಕಿಗಳು ವೇಗ ಅಳೆಯಲು. ಒಂದು ಕಿಲೊಮೀಟರ್ ಕಲ್ಲಿನ ಬಳಿ ಗುಂಡಿ ಒತ್ತಿ, ಮುಂದಿನ ಕಲ್ಲಿನ ಬಳಿ ನಿಲ್ಲಿಸಿ. 30 ಸೆಕೆಂಡಾಗಿದ್ದರೆ ಮುಳ್ಳು 120ರ ಎದುರಿಗೆ ನಿಂತಿರುತ್ತದೆ. ನಿಮ್ಮ ವೇಗ ಗಂಟೆಗೆ 120 ಕಿ.ಮೀ.

ಹುಟ್ಟಿದಾಗ ಇದು ಶೋಕಿಯ ವಸ್ತುವಾಗಿರಲಿಲ್ಲ. 1821ರಲ್ಲಿ ಪ್ಯಾರಿಸ್‌ನ ಕುದುರೆ ರೇಸಿನಲ್ಲಿ ನಿಕೊಲಾ ರಿಯುಸೆಕ್ ಎಂಬಾತ ಡಯಲ್ ಮೇಲೆ ಶಾಯಿಯ ಚುಕ್ಕಿ ಇಟ್ಟು ಕಾಲ ಗುರುತಿಸುವ ಯಂತ್ರ ಬಳಸಿದ. ‘ಕಾಲ ಬರೆಯುವುದು’ ಎಂಬ ಅರ್ಥದ ಈ ಹೆಸರು ಅಲ್ಲಿಂದ ಬಂತು. 1957ರಲ್ಲಿ ಬಂದ ಒಮೆಗಾ ಸ್ಪೀಡ್‌ಮಾಸ್ಟರ್ ಕಾರ್ ರೇಸಿನವರಿಗಾಗಿ ತಯಾರಾದದ್ದು. 1965ರಲ್ಲಿ ನಾಸಾ ಪರೀಕ್ಷೆಯಲ್ಲಿ ಗೆದ್ದು, 1969ರಲ್ಲಿ ಚಂದ್ರನ ಮೇಲೆ ಬಝ್ ಆಲ್ಡ್ರಿನ್ ಕೈಯಲ್ಲಿತ್ತು. 1970ರಲ್ಲಿ ಅಪೊಲೊ 13 ನೌಕೆ ಕೆಟ್ಟಾಗ, ದಾರಿ ಸರಿಪಡಿಸಲು ಎಂಜಿನ್ನನ್ನು 14 ಸೆಕೆಂಡ್ ಉರಿಸಬೇಕಾಯಿತು. ಆ 14 ಸೆಕೆಂಡುಗಳನ್ನು ಅಳೆದದ್ದೂ ಅದೇ ವಾಚು. ಇಂಥ ವಸ್ತುವನ್ನು ಇಷ್ಟಪಡುವುದು ತಪ್ಪೇನಲ್ಲ. ನನಗೂ ಇಷ್ಟ. ಇಷ್ಟಪಡುವುದು ಬೇರೆ, ಅದನ್ನು ಹೂಡಿಕೆ ಎಂದು ನಂಬುವುದು ಬೇರೆ.

ಹೂಡಿಕೆ ಎನ್ನುವವರೆಲ್ಲ ಮೊದಲು ಹೇಳುವ ಹೆಸರು ರೋಲೆಕ್ಸ್ ಡೇಟೋನಾ. 1963ರಲ್ಲಿ ಮಾರುಕಟ್ಟೆಗೆ ಬಂದ ಈ ಕ್ರೊನೊಗ್ರಾಫ್‌ಗೆ ಅಮೆರಿಕದ ಫ್ಲಾರಿಡಾದ ರೇಸ್ ಟ್ರ್ಯಾಕ್ ಒಂದರ ಹೆಸರು. ರೀಲ್‌ಗಳು ಹೇಳದ ವಿಷಯವೆಂದರೆ, ಮೊದಲ ಎರಡು ದಶಕ ಅದು ಅಷ್ಟಾಗಿ ಖರ್ಚಾಗಲೇ ಇಲ್ಲ. ದಿನಾ ಕೀ ಕೊಡಬೇಕಾದ ವಾಚು ಯಾರಿಗೆ ಬೇಕು ಎಂಬ ಕಾಲ ಅದು. ಅದರಲ್ಲೂ ಚಿತ್ರವಿಚಿತ್ರ ಅಂಕಿಗಳ ಡಯಲ್ ಇದ್ದ ಮಾದರಿಗಳು ಅಂಗಡಿಯ ಗಾಜಿನ ಹಿಂದೆ ದೂಳು ತಿನ್ನುತ್ತಿದ್ದವು. ಅಂಥ ಒಂದನ್ನು ನಟ ಪಾಲ್ ನ್ಯೂಮನ್‌ಗೆ ಅವರ ಪತ್ನಿ ಕೊಡಿಸಿದರು. ಆಗ ಅದಕ್ಕೆ ಕೆಲವು ನೂರು ಡಾಲರ್. ಗಂಡ ರೇಸ್ ಓಡಿಸುವವನಾದ್ದರಿಂದ, ಹುಷಾರಾಗಿ ಗಾಡಿ ಓಡಿಸು ಎಂದು ಹಿಂಬದಿಯಲ್ಲಿ ಕೆತ್ತಿಸಿದ್ದರು. ಮುಂದೆ ನ್ಯೂಮನ್ ಅದನ್ನು ಮಗಳ ಗೆಳೆಯನಿಗೆ ಸುಮ್ಮನೆ ಕೊಟ್ಟುಬಿಟ್ಟರು. 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನ ಫಿಲಿಪ್ಸ್ ಹರಾಜಿನಲ್ಲಿ ಅದೇ ವಾಚಿಗೆ ಬಂದ ಬೆಲೆ 1.77 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ ನೂರು ಕೋಟಿ ರೂಪಾಯಿಗೂ ಹೆಚ್ಚು.

ಈ ಕಥೆ ಕೇಳಿ, ಹಾಗಾದರೆ ವಾಚು ಬೆಳೆಯುತ್ತದೆ ಎನ್ನುವವರಿದ್ದಾರೆ. ಬೆಳೆದದ್ದು ವಾಚಲ್ಲ, ಅದನ್ನು ಕಟ್ಟಿದವರ ಹೆಸರು. ನಾವು ನೀವು ಕಟ್ಟಿದ ವಾಚು ಮೂವತ್ತು ವರ್ಷದ ನಂತರವೂ ಹಳೆಯ ವಾಚೇ ಆಗಿರುತ್ತದೆ.

ದುಡ್ಡು ಇರುವುದು ಸರದಿಯಲ್ಲಿ

ಹಾಗಾದರೆ ಇವತ್ತಿನ ಸಾಮಾನ್ಯ ಸ್ಟೀಲ್ ಡೇಟೋನಾ ಕೂಡ ಅಂಗಡಿ ಬೆಲೆಗಿಂತ ಹೆಚ್ಚಿಗೆ ಮರುಮಾರಾಟವಾಗುವುದೇಕೆ? ಉತ್ತರ ಸರಳ. ಕೇಳುವವರಿಗೆಲ್ಲ ಸಿಗುವಷ್ಟು ಅದು ಅಂಗಡಿಗೆ ಬರುವುದಿಲ್ಲ. ಅಧಿಕೃತ ಅಂಗಡಿಗೆ ಹೋಗಿ ದುಡ್ಡು ಇಟ್ಟರೂ ಸಿಗುವುದು ಖಾತ್ರಿಯಿಲ್ಲ. ಹೆಸರು ಬರೆಸಿ ಕಾಯಬೇಕು. ಮೊದಲೇ ಅಲ್ಲಿ ಬೇರೆ ವಾಚು, ಒಡವೆ ಕೊಂಡ ಗಿರಾಕಿಗಳಿಗೆ ಸಾಮಾನ್ಯವಾಗಿ ಮೊದಲ ಆದ್ಯತೆ. ಹೀಗೆ ಅಂಗಡಿ ಬೆಲೆಗೆ ವಾಚು ಸಿಕ್ಕವರು ಅದನ್ನು ಹೊರಗೆ ಮಾರಿದಾಗ ಸಿಗುವ ಹೆಚ್ಚುವರಿ ಹಣವೇ ಎಲ್ಲರೂ ಹೇಳುವ ‘ಲಾಭ’. ಅದು ವಾಚಿನೊಳಗೆ ಇರುವ ಬೆಲೆಯಲ್ಲ, ಸರದಿಯ ಬೆಲೆ. ಸರದಿಯ ಮುಂದಿರುವವರು ಅದನ್ನು ಪಡೆಯುತ್ತಾರೆ. ಸರದಿಯಲ್ಲೇ ಇಲ್ಲದ ನಾವು ಅದನ್ನು ಕೊಡುತ್ತೇವೆ. ನನ್ನ ವಾದವೆಲ್ಲ ಇಷ್ಟೇ. ಮುಂದಿನದ್ದೆಲ್ಲ ಇದರ ವಿವರ.

2022ರ ಆರಂಭವನ್ನೇ ನೋಡಿ. ಆಗ ಸ್ಟೀಲ್ ಡೇಟೋನಾದ ಅಂಗಡಿ ಬೆಲೆ ಅಮೆರಿಕದಲ್ಲಿ ಸುಮಾರು 14,500 ಡಾಲರ್. ಮರುಮಾರಾಟದಲ್ಲಿ ಅದು 40 ಸಾವಿರ ಡಾಲರ್ ದಾಟಿತ್ತು. ಕೋವಿಡ್ ಕಾಲದಲ್ಲಿ ಷೇರು ಮತ್ತು ಕ್ರಿಪ್ಟೊದಲ್ಲಿ ದುಡ್ಡು ಮಾಡಿದವರು ಕೈಗಡಿಯಾರಗಳಿಗೆ ಮುಗಿಬಿದ್ದಿದ್ದರು. ಅದೇ ವರ್ಷ ಬಡ್ಡಿದರ ಏರಿತು, ಕ್ರಿಪ್ಟೊ ಕುಸಿಯಿತು. ವರ್ಷದ ಕೊನೆಗೆ ಅದೇ ವಾಚಿನ ಬೆಲೆ 30 ಸಾವಿರದ ಆಸುಪಾಸಿಗೆ ಇಳಿದಿತ್ತು. ಅಂಗಡಿಯಲ್ಲಿ ಕೊಂಡವರಿಗೆ ಆಗಲೂ ಲಾಭವೇ. ಏರಿದ ಬೆಲೆ ನೋಡಿ 40 ಸಾವಿರಕ್ಕೆ ಕೊಂಡವರ ಗತಿ? ಅವರ ಕೈಯಲ್ಲಿದ್ದದ್ದೂ ಅದೇ ವಾಚು, ಅದೇ ಟಿಕ್ ಟಿಕ್. ಆದರೆ ಕಾಲು ಭಾಗ ದುಡ್ಡು ಕರಗಿತ್ತು.

ಅದೇ ವರ್ಷ ಮಾರ್ಚ್ 26ರಂದು ಸ್ವಾಚ್ ಕಂಪನಿ ಒಮೆಗಾ ಜೊತೆ ಸೇರಿ ‘ಮೂನ್‌ಸ್ವಾಚ್’ ಬಿಡುಗಡೆ ಮಾಡಿತು. ಸ್ಪೀಡ್‌ಮಾಸ್ಟರ್‌ನ ರೂಪ, ಒಳಗೆ ಸೆಲ್ ಹಾಕುವ ಮಷಿನ್, ಅಮೆರಿಕದಲ್ಲಿ ಬೆಲೆ 260 ಡಾಲರ್. ಲಂಡನ್ ಮೊದಲಾದ ಕಡೆ ಅಂಗಡಿಗಳ ಮುಂದೆ ರಾತ್ರಿಯಿಂದಲೇ ಜನ. ನೂಕುನುಗ್ಗಲು ತಡೆಯಲಾಗದೆ ಕೆಲವು ಅಂಗಡಿಗಳು ಬಾಗಿಲು ಹಾಕಿದವು. ಅಂದೇ ಸಂಜೆ ಆನ್‌ಲೈನ್‌ನಲ್ಲಿ ಅದಕ್ಕೆ ಹಲವು ಪಟ್ಟು ಬೆಲೆ! ಇದು ಸೀಮಿತ ಸಂಖ್ಯೆಯ ವಾಚಲ್ಲ, ಇನ್ನೂ ತಯಾರಿಸುತ್ತೇವೆ ಎಂದು ಕಂಪನಿಯೇ ಹೇಳಿತ್ತು. ಕೇಳುವ ತಾಳ್ಮೆ ಯಾರಿಗಿತ್ತು? ಅಂಗಡಿಗಳಿಗೆ ಮಾಲು ಬಂದಂತೆಲ್ಲ ಮರುಮಾರಾಟದ ಬೆಲೆ ಇಳಿಯುತ್ತಾ ಅಂಗಡಿ ಬೆಲೆಯ ಹತ್ತಿರಕ್ಕೆ ಬಂತು. ಮೊದಲ ದಿನ ಸರದಿಯಲ್ಲಿ ನಿಂತವನಿಗೆ ಲಾಭ, ಎರಡನೇ ದಿನ ಅವನಿಂದ ಕೊಂಡವನಿಗೆ ನಷ್ಟ.

ಇವೆಲ್ಲ ಬೆಲೆ ಏರುವ ಹೆಸರು ಮಾಡಿದ ಕೆಲವೇ ಮಾದರಿಗಳ ಕಥೆ. ಉಳಿದವುಗಳ ಕಥೆ ಇನ್ನೂ ನೇರ. ಸ್ಪೀಡ್‌ಮಾಸ್ಟರ್, ಟ್ಯಾಗ್ ಹೊಯರ್ ಕರೇರಾ, ಬ್ರೈಟ್ಲಿಂಗ್ ಮೊದಲಾದ ಹೆಸರಾಂತ ಕ್ರೊನೊಗ್ರಾಫ್‌ಗಳ ಹೆಚ್ಚಿನ ಮಾದರಿಗಳು ಅಂಗಡಿಯ ಹೊಸ್ತಿಲು ದಾಟಿದ ಕೂಡಲೇ ಬೆಲೆ ಕಳೆದುಕೊಳ್ಳುತ್ತವೆ, ಹೊಸ ಬೈಕಿನ ಹಾಗೆ. ಅವು ಕೆಟ್ಟ ವಾಚುಗಳೆಂದಲ್ಲ. ಬೇಕೆಂದಾಗ ಅಂಗಡಿಯಲ್ಲೇ ಹೊಸದು ಸಿಗುವಾಗ ಹಳೆಯದಕ್ಕೆ ಹೆಚ್ಚು ಕೊಡುವವರು ಯಾರು? ಇಷ್ಟಪಟ್ಟು ಕಟ್ಟಿಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿಯೇ. ಸೆಕೆಂಡ್‌ಹ್ಯಾಂಡ್‌ನಲ್ಲಿ ಕಡಿಮೆಗೆ ಸಿಗುತ್ತದೆ. ಮಾರಿ ಲಾಭ ಮಾಡುತ್ತೇನೆ ಎನ್ನುವವರಿಗೆ ಮಾತ್ರ ಅಲ್ಲ.

ಕೇಳುವ ಬೆಲೆ, ಕೈಸೇರುವ ಬೆಲೆ

ನಮ್ಮ ಜಿಲ್ಲೆಯ ತಿಪಟೂರಿನಲ್ಲಿ ಕೊಬ್ಬರಿ ಹರಾಜು ನಡೆಯುತ್ತದೆ. ಅಲ್ಲಿನ ರೈತನಿಗೆ ಒಂದು ಪಾಠ ಯಾರೂ ಹೇಳಿಕೊಡಬೇಕಿಲ್ಲ. ತಾನು ಕೇಳಿದ್ದು ಬೆಲೆಯಲ್ಲ, ಮಾಲು ತೂಗಿ ಕೈಗೆ ಬಂದದ್ದೇ ಬೆಲೆ. ವಾಚು ಮಾರುವ ಆ್ಯಪ್‌ಗಳಲ್ಲಿ ನಮಗೆ ಕಾಣುವುದು ಹೆಚ್ಚಾಗಿ ಕೇಳುವ ಬೆಲೆ. ಆ ಬೆಲೆಗೆ ಅದು ಮಾರಾಟವಾಯಿತೋ, ಆರು ತಿಂಗಳಿಂದ ಹಾಗೇ ಕೂತಿದೆಯೋ ಗೊತ್ತಾಗುವುದಿಲ್ಲ. ಮಾರಾಟವಾದರೂ ಮಾರಿಸಿಕೊಟ್ಟವರ ಕಮಿಷನ್, ಕೊರಿಯರ್, ವಿಮೆ ಕಳೆಯಬೇಕು.

ಕೆಲವು ತಿಂಗಳ ಹಿಂದೆ ನಮ್ಮ ಅಂಗಡಿಗೆ ಒಬ್ಬ ಹುಡುಗ ಬಂದ. ಎಂಜಿನಿಯರಿಂಗ್ ಮುಗಿಸಿ ಮೊದಲ ಕೆಲಸಕ್ಕೆ ಸೇರಿದವನು, ಸಂಬಳ 26 ಸಾವಿರ. ಮರುಮಾರಾಟಗಾರರೊಬ್ಬರಿಂದ 1.80 ಲಕ್ಷಕ್ಕೆ ಹಳೆಯ ಸ್ವಿಸ್ ಕ್ರೊನೊಗ್ರಾಫ್ ಕೊಂಡಿದ್ದ, ಕಾರ್ಡಿನ ಮೇಲೆ 24 ಕಂತು. ‘ಅಂಕಲ್, ಗುಂಡಿ ಒತ್ತಿದರೆ ಮುಳ್ಳು ಹನ್ನೆರಡಕ್ಕೆ ಬರ್ತಿಲ್ಲ, ಸ್ವಲ್ಪ ಮುಂದೆಯೇ ನಿಲ್ತಿದೆ’ ಎಂದ. ಅಪ್ಪ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡು ಹಿಂಬದಿಯ ಮುಚ್ಚಳ ತೆಗೆದರು. ಬಹಳ ಹೊತ್ತು ನೋಡಿದರು.

‘ಮಷಿನ್ ಒಳ್ಳೇದೇ ಕಣಪ್ಪ. ಆದ್ರೆ ಡಯಲ್ಲು ಇದರದ್ದಲ್ಲ. ಬಣ್ಣ ಹೊಡೆದವ್ರೆ. ಒಳಗೆ ತೇವ ಹೋಗಿ ತುಕ್ಕು ಹತ್ತೈತೆ. ನಾನು ಕೈ ಹಾಕಲ್ಲ, ಬೆಂಗಳೂರಿಗೆ ಸರ್ವಿಸ್‌ಗೆ ಕೊಡು.’

ಸರ್ವಿಸ್ ಎಂದರೆ ಇಂಥ ವಾಚಿಗೆ ಹತ್ತಾರು ಸಾವಿರ. ಹುಡುಗ ಮಾರಿದವನ ಬಳಿಯೇ ವಾಪಸ್ ಹೋದ. ಕೊಳ್ಳುವಾಗ ‘ಯಾವಾಗ ಬೇಕಾದರೂ ವಾಪಸ್ ತಗೋತೀನಿ’ ಎಂದಿದ್ದವನು ಈಗ 95 ಸಾವಿರ ಎಂದನಂತೆ. ಲೆಕ್ಕ ಹಾಕಿ ನೋಡಿ. ಶೇ 15ರ ಬಡ್ಡಿಯಲ್ಲಿ ತಿಂಗಳಿಗೆ 8,700 ರೂಪಾಯಿ ಚಿಲ್ಲರೆಯಂತೆ 24 ಕಂತು ಕಟ್ಟಿದರೆ ಒಟ್ಟು ಸುಮಾರು 2.09 ಲಕ್ಷ. ಕೈಗೆ ಬರುವುದು 95 ಸಾವಿರ. ನಷ್ಟ 1.14 ಲಕ್ಷ, ಅವನ ನಾಲ್ಕು ತಿಂಗಳ ಸಂಬಳಕ್ಕೂ ಹೆಚ್ಚು. ರೀಲ್‌ನಲ್ಲಿ ಈ ಲೆಕ್ಕ ಯಾರೂ ತೋರಿಸುವುದಿಲ್ಲ.

‘ಅವನಿಗೆ ಗೊತ್ತಾಗಲಿಲ್ಲ, ನಾನಾಗಿದ್ದರೆ ನೋಡಿ ಕೊಳ್ಳುತ್ತಿದ್ದೆ’ ಎನ್ನುವಿರಾ? ಇನ್ನೊಂದು ಪ್ರಸಂಗ ಕೇಳಿ. 2021ರ ನವೆಂಬರ್‌ನಲ್ಲಿ ಜಿನೀವಾದ ಹರಾಜಿನಲ್ಲಿ 1957ರ ಮೊದಲ ಮಾದರಿಯ ಸ್ಪೀಡ್‌ಮಾಸ್ಟರ್ ಎಂದು ಒಂದು ವಾಚು 30 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಮಾರಾಟವಾಯಿತು. ಕೊಂಡವರು ಬೇರೆ ಯಾರೂ ಅಲ್ಲ, ತನ್ನ ವಸ್ತುಸಂಗ್ರಹಾಲಯಕ್ಕಾಗಿ ಸ್ವತಃ ಒಮೆಗಾ ಕಂಪನಿ! 2023ರಲ್ಲಿ ಅದು ಬೇರೆಬೇರೆ ವಾಚುಗಳ ಬಿಡಿಭಾಗ ಸೇರಿಸಿ ಕಟ್ಟಿದ್ದು ಎಂದು ಬಯಲಾಯಿತು. ಇದರಲ್ಲಿ ತನ್ನ ಮೂವರು ಮಾಜಿ ನೌಕರರ ಕೈವಾಡವಿದೆ ಎಂದು ಕಂಪನಿಯೇ ಹೇಳಿತು. ತಯಾರಿಸಿದವರಿಗೇ ಮೋಸವಾದ ಮೇಲೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ನಾಲ್ಕು ಫೋಟೊ ನೋಡಿ ‘ನೂರಕ್ಕೆ ನೂರು ಒರಿಜಿನಲ್’ ಎಂಬುದನ್ನು ನಂಬುವ ನಮ್ಮ ಪಾಡೇನು? ಈ ಅಪನಂಬಿಕೆಗೆ ಉತ್ತರವಾಗಿಯೇ ರೋಲೆಕ್ಸ್ 2022ರ ಡಿಸೆಂಬರ್‌ನಿಂದ ಹಳೆಯ ವಾಚುಗಳನ್ನು ತಾನೇ ಪರೀಕ್ಷಿಸಿ, ಪ್ರಮಾಣಪತ್ರ ಕೊಟ್ಟು, ಅಧಿಕೃತ ಅಂಗಡಿಗಳ ಮೂಲಕ ಮಾರಿಸುವ ವ್ಯವಸ್ಥೆ ಶುರು ಮಾಡಿದೆ.

ಬಿಲ್ ಇಲ್ಲದ ವಾಚಿಗೆ ಇನ್ನೊಂದು ಅಪಾಯವಿದೆ. ಅದು ಕದ್ದದ್ದಾಗಿರಬಹುದು, ಸುಂಕ ಕಟ್ಟದೆ ವಿದೇಶದಿಂದ ತಂದದ್ದಾಗಿರಬಹುದು. ಕೈಗೆ ಕಟ್ಟಿಕೊಂಡು ಬಂದರೆ ಕಸ್ಟಮ್ಸ್ ಇಲ್ಲ ಎಂಬುದು ಬರೀ ಬಾಯಿಮಾತು. ದುಬಾರಿ ವಾಚುಗಳ ಮೇಲೆ ತೆರಿಗೆ ಇಲಾಖೆಯ ಕಣ್ಣೂ ಇದೆ. 2025ರ ಏಪ್ರಿಲ್‌ನಿಂದ 10 ಲಕ್ಷ ಮೀರಿದ ಕೈಗಡಿಯಾರ ಮಾರುವಾಗ ಶೇ 1ರಷ್ಟು ತೆರಿಗೆಯನ್ನು ಮಾರಾಟದ ಹಂತದಲ್ಲೇ ವಸೂಲಿ ಮಾಡುವ ನಿಯಮ ಬಂದಿದೆ. ಬಿಲ್ ಕೊಡದೆ ಕಡಿಮೆಗೆ ಕೊಡುತ್ತೇನೆ ಎನ್ನುವವನು ನಿಮಗೆ ರಿಯಾಯಿತಿ ಕೊಡುತ್ತಿಲ್ಲ, ತನ್ನ ತಲೆನೋವನ್ನು ನಿಮಗೆ ದಾಟಿಸುತ್ತಿದ್ದಾನೆ.

ಅಟ್ಟದ ಮೇಲೆ ಬಚ್ಚಿಟ್ಟದ್ದು

ಈ ವ್ಯಾಪಾರದಲ್ಲಿ ಯಾರೂ ಸಂಪಾದಿಸುತ್ತಿಲ್ಲವೇ? ಖಂಡಿತ ಸಂಪಾದಿಸುತ್ತಿದ್ದಾರೆ. ಸರದಿಯ ಮುಂದಿರುವ ಸಿರಿವಂತರು, ವಾಚು ಮಾರಾಟವಾಗದೆ ವರ್ಷ ಕೂತರೂ ತಡೆದುಕೊಳ್ಳಬಲ್ಲ ಬಂಡವಾಳವಿರುವ ವ್ಯಾಪಾರಿಗಳು, ಯಾರು ಗೆದ್ದರೂ ಕಮಿಷನ್ ತೆಗೆದುಕೊಳ್ಳುವ ಮಧ್ಯವರ್ತಿಗಳು. ಇವರ ಜೊತೆ ನಾಲ್ಕನೆಯವರೂ ಇದ್ದಾರೆ: ಮಷಿನ್ ಬಲ್ಲವರು. ಮೊದಲ ಮೂರು ಜಾಗಕ್ಕೆ ಹೋಗಲು ನಮ್ಮಂಥವರಿಗೆ ದಾರಿ ಕಷ್ಟ. ನಾಲ್ಕನೆಯದಕ್ಕೆ ದುಡ್ಡಿಗಿಂತ ಕಲಿಕೆ ಮುಖ್ಯ.

ಅದಕ್ಕೆ ನನಗೆ ಬಹಳ ಇಷ್ಟವಾದ ಒಂದು ನಿದರ್ಶನ ಹೇಳುತ್ತೇನೆ. ಸ್ವಿಟ್ಜರ್‌ಲೆಂಡ್‌ನ ಲ ಲೊಕ್ಲ್ ಊರಿನ ಝೆನಿತ್ ಕಂಪನಿ 1969ರಲ್ಲಿ ‘ಎಲ್ ಪ್ರಿಮೆರೊ’ ಎಂಬ ಕ್ರೊನೊಗ್ರಾಫ್ ಮಷಿನ್ ತಯಾರಿಸಿತು. ಕೀ ಕೊಡಬೇಕಿಲ್ಲ, ಕೈ ಆಡಿದಂತೆ ತಾನೇ ಸುತ್ತಿಕೊಳ್ಳುತ್ತದೆ. ಸೆಕೆಂಡಿಗೆ ಹತ್ತು ಬಾರಿ ಮಿಡಿಯುತ್ತದೆ. ಅಷ್ಟರಲ್ಲಿ ಸೆಲ್ ಹಾಕುವ ಕ್ವಾರ್ಟ್ಜ್ ವಾಚುಗಳ ಹೊಡೆತ ಬಂತು. ಕಂಪನಿಯ ಅಮೆರಿಕನ್ ಮಾಲೀಕರು 1975ರಲ್ಲಿ ಇನ್ನು ಯಾಂತ್ರಿಕ ವಾಚು ಬೇಡ, ಹತಾರಗಳನ್ನು ವಿಲೇವಾರಿ ಮಾಡಿ ಎಂದರು. ಚಾರ್ಲ್ಸ್ ವೆರ್ಮೊ ಎಂಬ ಕುಶಲಕರ್ಮಿ ಬೇಡಿಕೊಂಡ, ಯಾರೂ ಕೇಳಲಿಲ್ಲ. ಆತ ಅಚ್ಚು, ಹತಾರ, ನಕ್ಷೆಗಳನ್ನೆಲ್ಲ ಗುಟ್ಟಾಗಿ ಕಾರ್ಖಾನೆಯ ಅಟ್ಟಕ್ಕೆ ಸಾಗಿಸಿ, ಯಾವುದು ಎಲ್ಲಿದೆ ಎಂದು ಬರೆದಿಟ್ಟ. 1980ರ ದಶಕದಲ್ಲಿ ಯಾಂತ್ರಿಕ ವಾಚಿಗೆ ಮತ್ತೆ ಬೇಡಿಕೆ ಬಂದಾಗ ಆ ಅಟ್ಟವೇ ಕಂಪನಿಯನ್ನು ಉಳಿಸಿತು. 1988ರಲ್ಲಿ ರೋಲೆಕ್ಸ್ ತನ್ನ ಡೇಟೋನಾಗೆ ಇದೇ ಮಷಿನ್ನನ್ನು ಮಾರ್ಪಡಿಸಿ ಹಾಕಿಕೊಂಡಿತು. 2000ದಲ್ಲಿ ಸ್ವಂತ ಮಷಿನ್ ಬರುವವರೆಗೂ ಅದೇ ನಡೆಯಿತು. ಖರ್ಚಾಗದೆ ಕೂತಿದ್ದ ಡೇಟೋನಾಗೆ ಜನ ಸರದಿ ನಿಲ್ಲತೊಡಗಿದ್ದು ಆ ಹೊಸ ಮಾದರಿಯಿಂದಲೇ. ಇವತ್ತು ರೀಲ್‌ಗಳಲ್ಲಿ ಮಿಂಚುವ ಆ ಸರದಿಯ ಬುಡದಲ್ಲಿ ಒಬ್ಬ ಕೆಲಸಗಾರನ ಹಟವಿದೆ.

ನಮ್ಮಲ್ಲೂ ಕೈಗಳಿದ್ದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಮುಂದೆ ತುಮಕೂರಿಗೂ ಕಾರ್ಖಾನೆ ಬಂತು. 2016ರ ಜನವರಿಯಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ನಮ್ಮೂರಿನ ಕಾರ್ಖಾನೆಯ ಜಾಗ ಈಗ ಇಸ್ರೊಗೆ ಸೇರಿದೆ. ಮುಚ್ಚುವ ಸುದ್ದಿ ಬಂದಾಗ ‘ಜನತಾ’, ‘ಪೈಲಟ್’ ಮಾದರಿಗಳಿಗೆ ಎಲ್ಲಿಲ್ಲದ ಬೇಡಿಕೆ ಹುಟ್ಟಿತು. ಈಗಲೂ ಹಳೆಯ ಎಚ್‌ಎಂಟಿಗಳ ಡಯಲ್‌ಗೆ ಹೊಸ ಬಣ್ಣ ಬಳಿದು, ಅಪರೂಪದ್ದು ಎಂದು ಮಾರುವವರಿದ್ದಾರೆ. ವಾಚನ್ನು ಮಾರುವವರು ಹೆಚ್ಚಾದರು, ಬಿಚ್ಚಿ ಜೋಡಿಸಬಲ್ಲವರು ಕಡಿಮೆಯಾದರು. ಅಪ್ಪನ ತಲೆಮಾರಿನ ನಂತರ ನಮ್ಮ ಬೀದಿಯಲ್ಲಿ ಮಷಿನ್ ಬಿಚ್ಚುವವರು ಯಾರು ಎಂದು ಕೇಳಿದರೆ ಉತ್ತರವಿಲ್ಲ.

ಇಲ್ಲೇ ನಮ್ಮ ಕಾಲೇಜು, ಐಟಿಐ, ಪಾಲಿಟೆಕ್ನಿಕ್‌ಗಳು ಯೋಚಿಸಬೇಕು. ಲಕ್ಷಾಂತರ ಬೆಲೆಯ ವಾಚುಗಳು ಊರೂರಿಗೆ ಬರುತ್ತಿವೆ ಎಂದರೆ ಅವನ್ನು ಪರೀಕ್ಷಿಸುವ, ಸರ್ವಿಸ್ ಮಾಡುವ ಕೈಗಳೂ ಬೇಕು. ಒಂದು ಕ್ರೊನೊಗ್ರಾಫ್‌ನಲ್ಲಿ ಇನ್ನೂರು ಮುನ್ನೂರು ಬಿಡಿಭಾಗಗಳಿರುತ್ತವೆ. ಅದು ಒಂದು ವಾರದ ಕೋರ್ಸಿನಲ್ಲಿ ಬರುವ ವಿದ್ಯೆಯಲ್ಲ. ಬರುವವರಿಗೆ ಮಾತ್ರ ಅನ್ನ ಕೊಡುವ ವಿದ್ಯೆ. ‘ಹೂಡಿಕೆ’ ಕುರಿತು ಸೆಮಿನಾರ್ ನಡೆಸುವ ನಮ್ಮ ವಾಣಿಜ್ಯ ವಿಭಾಗಗಳು ಕೇಳುವ ಬೆಲೆಗೂ ಕೈಸೇರುವ ಬೆಲೆಗೂ ಇರುವ ಅಂತರವನ್ನು ಒಂದು ತರಗತಿಯಲ್ಲಾದರೂ ಹೇಳಿಕೊಡಲಿ.

ಗೆಳೆಯರೇ, ವಾಚು ಕಟ್ಟಬೇಡಿ ಎಂದು ನಾನು ಹೇಳುತ್ತಿಲ್ಲ. ದುಡಿದ ದುಡ್ಡಿನಲ್ಲಿ, ಸಾಲವಿಲ್ಲದೆ, ಇಷ್ಟದ ವಾಚು ಕೊಂಡರೆ ಅದರ ಸಂತೋಷಕ್ಕೆ ಬೆಲೆ ಕಟ್ಟಲಾಗದು. ಆದರೆ ಯಾರಾದರೂ ಅದನ್ನು ಲಾಭದ ಲೆಕ್ಕದಲ್ಲಿ ಮಾರಲು ಬಂದರೆ ನಾಲ್ಕು ಪ್ರಶ್ನೆ ಕೇಳಿ. ಇದರ ಬಿಲ್ ಎಲ್ಲಿದೆ? ಹಿಂಬದಿ ಮುಚ್ಚಳ ತೆಗೆಸಿ ನಾನು ನಂಬುವ ರಿಪೇರಿಯವರಿಗೆ ತೋರಿಸಬಹುದೇ? ಇಂದೇ ವಾಪಸ್ ಕೊಟ್ಟರೆ ಎಷ್ಟು ಕೊಡುತ್ತೀರಿ, ಬರೆದು ಕೊಡುತ್ತೀರಾ? ಇಷ್ಟು ಲಾಭ ಬರುವುದಾದರೆ ನೀವೇ ಏಕೆ ಇಟ್ಟುಕೊಳ್ಳುತ್ತಿಲ್ಲ?

ಕೊನೆಯ ಪ್ರಶ್ನೆಗೆ ನೆಟ್ಟಗೆ ಉತ್ತರ ಕೊಟ್ಟವರನ್ನು ನಾನು ಇನ್ನೂ ನೋಡಿಲ್ಲ. ನಿಮಗೆ ಸಿಕ್ಕರೆ ಆಗ ಕೊಳ್ಳುವ ಯೋಚನೆ ಮಾಡಿ. ಅಲ್ಲಿಯವರೆಗೆ ಆ ಕಂತಿನ ದುಡ್ಡು ನಿಮ್ಮ ಕಲಿಕೆಗೆ, ನಿಮ್ಮ ಅರ್ಜಿ ಶುಲ್ಕಕ್ಕೆ, ಮನೆಯ ಖರ್ಚಿಗೆ ಇರಲಿ. ಸಮಯ ನೋಡಲು ಸಾವಿರ ರೂಪಾಯಿಯ ವಾಚೂ ಸಾಕು.